ಗೋಡೆಯೊಳಗೆ ಕೂತ ಉಜ್ಜಪ್ಪ

ಇಪ್ಪತ್ತೆರಡು ವರ್ಷ ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ ಕೂತು ಊರವರ ಮೊಡವೆಗಳ ಮೇಲೆ ದಂಡೆತ್ತಿ ಹೋದ ವೀರನಿಗೆ ಜನ ಕೊಟ್ಟ ಬಿರುದು ಉಜ್ಜಪ್ಪ. ಅವನು ಮೌಸ್ ಹಿಡಿದನೆಂದರೆ ಮಚ್ಚೆ, ಸುಕ್ಕು, ಗಲ್ಲದ ಕೆಳಗಿನ ಇನ್ನೊಂದು ಗಲ್ಲ, ಎಲ್ಲವೂ ಶರಣು. ಕೆಲಸ ಅವನದು, ಫೋಟೋದ ಮೂಲೆಯಲ್ಲಿ ಹೆಸರು ಮಾತ್ರ ಮಾಲೀಕರದು.

ಒಂದು ಮಧ್ಯಾಹ್ನ ಮಾಲೀಕರು ಊಟಕ್ಕೆ ಹೋಗಿದ್ದಾಗ ಅವರ ಕ್ಯಾಮೆರಾ ಎತ್ತಿಕೊಂಡು, ಎದುರು ಮೆಟ್ಟಿಲಿನ ಮೇಲೆ ಸೂಜಿಗೆ ದಾರ ಪೋಣಿಸುತ್ತಿದ್ದ ಗುಂಡಿ ಮಾರುವ ಮುದುಕಿಯನ್ನು ಕ್ಲಿಕ್ಕಿಸಿದ. ಹಿಂದೆ ಬೂದು ಗೋಡೆ. ಜನ್ಮಕ್ಕೊಂದೇ ಸಿಗುವಂಥ ಫೋಟೋ.

ಮಾಲೀಕರು ನೋಡಿದವರೇ, "ಸ್ಪರ್ಧೆಗೆ ಕಳಿಸೋಣ, ಶುಕ್ರವಾರ ರೆಡಿ ಇರಲಿ" ಎಂದರು. ಯಾರ ಹೆಸರಲ್ಲಿ ಎಂದು ಕೇಳುವುದೇ ಬೇಕಿರಲಿಲ್ಲ.

"ಈ ಸಲಾನೂ ಬಾಯಿ ಹೊಲಿದುಕೊಂಡು ಕೂತ್ಕೋತೀರಾ?" ಎಂದಳು ಹೆಂಡತಿ.

"ಸಾಕ್ಷಿ ಬೇಕಲ್ಲೇ!"

ದಾರಿ ತೋರಿಸಿದವಳು ಕಾಲೇಜು ಓದುವ ಅಕ್ಕನ ಮಗಳು. "ಮಾವ, ಫೋಟೋದ ಒಂದೊಂದು ಚುಕ್ಕೆಗೂ ಬಣ್ಣದ ಒಂದು ಸಂಖ್ಯೆ ಇರುತ್ತೆ. ಅದನ್ನ ಕೂದಲೆಳೆಯಷ್ಟು ಬದಲಾಯಿಸಿದ್ರೆ ಕಣ್ಣಿಗೆ ಗೊತ್ತಾಗಲ್ಲ. ಆ ಬದಲಾವಣೆಯೊಳಗೇ ಇನ್ನೊಂದು ಫೋಟೋ ಬಚ್ಚಿಡಬಹುದು. ಬೇಕಾದಾಗ ನನ್ನ ಲ್ಯಾಪ್‌ಟಾಪಲ್ಲಿ ಹೊರಗೆ ತೆಗೀಬಹುದು."

ಉಜ್ಜಪ್ಪ ತನ್ನ ಮುಖವನ್ನು ಬೂದು ಗೋಡೆಯೊಳಗೆ ಹೂತಿಟ್ಟ. ಪರೀಕ್ಷೆಗೆಂದು ತೆಗೆದು ನೋಡಿದರೆ ಮೀಸೆ ಸಮೇತ ಎದ್ದುಬಂತು. ಶುಕ್ರವಾರ ಗಂಭೀರವಾಗಿ ಫೈಲು ಒಪ್ಪಿಸಿದ.

ಮೊದಲ ಬಹುಮಾನವೇ ಬಂತು! ಮಾಲೀಕರು ವೇದಿಕೆ ಹತ್ತುತ್ತಿದ್ದಂತೆ ಉಜ್ಜಪ್ಪ ಕೈಯೆತ್ತಿ ಗರ್ಜಿಸಿದ: "ಆ ಫೋಟೋ ತೆಗೆದಿದ್ದು ನಾನು! ಗೋಡೆಯೊಳಗೆ ನನ್ನ ಮುಖ ಇದೆ, ನೋಡಿ!"

ತೀರ್ಪುಗಾರರಿಗೂ ಕುತೂಹಲ. ಅಕ್ಕನ ಮಗಳು ಅವರ ಬಳಿಯಿದ್ದ ಫೈಲನ್ನೇ ತನ್ನ ಲ್ಯಾಪ್‌ಟಾಪಿಗೆ ಹಾಕಿದಳು. ಪರದೆಯ ಮೇಲೆ ಬರೀ ಬೂದು. ಮುಖ ಹಾಗಿರಲಿ, ಮೀಸೆಯ ಒಂದು ಕೂದಲೂ ಇಲ್ಲ.

"ಮಾವ," ಅವಳು ಪಿಸುಗುಟ್ಟಿದಳು, "ಬಚ್ಚಿಟ್ಟ ಮೇಲೆ ಗೋಡೆ ಮುಟ್ಟಿದ್ರಾ?"

ಉಜ್ಜಪ್ಪ ತನ್ನ ಬಲಗೈಯನ್ನೇ ನೋಡಿಕೊಂಡ. ಯಾವ ಫೈಲೇ ಇರಲಿ, ಒಪ್ಪಿಸುವ ಮುಂಚೆ ಹಿನ್ನೆಲೆಯನ್ನೊಮ್ಮೆ ನುಣ್ಣಗೆ ಉಜ್ಜುವುದು ಅವನ ಇಪ್ಪತ್ತೆರಡು ವರ್ಷಗಳ ಚಾಳಿ. ಶುಕ್ರವಾರವೂ ಕೈ ತನ್ನ ಪಾಡಿಗೆ ತಾನು ಉಜ್ಜಿತ್ತು; ಬದಲಾಯಿಸಿದ ಸಂಖ್ಯೆಗಳ ಜೊತೆ ಮುಖವೂ ಅಳಿಸಿಹೋಗಿತ್ತು.

"ಗೋಡೆ ಮಾತ್ರ ಬಹಳ ಸ್ವಚ್ಛವಾಗಿದೆ" ಎಂದರು ತೀರ್ಪುಗಾರರು.

"ಅದು ನಮ್ಮ ಉಜ್ಜಪ್ಪಂದೇ ಕೈಚಳಕ ಸಾರ್!" ಮಾಲೀಕರು ಮೈಕಿನಲ್ಲಿ ಉದಾರವಾಗಿ ನಕ್ಕರು. ಅವನ ಹೆಸರು ಮೈಕಿಗೆ ಬಿದ್ದದ್ದು ಅದೇ ಮೊದಲು. ಸಭೆ ಚಪ್ಪಾಳೆ ತಟ್ಟಿತು.

ಸೋಮವಾರ ಒಳಕೋಣೆಗೆ ಸಮಾರಂಭದ ಫೋಟೋ ಬಂತು. ನಡುವೆ ಮಾಲೀಕರು, ಮೂಲೆಯಲ್ಲಿ ಕೈಯೆತ್ತಿ ಬಾಯಿ ತೆರೆದ ಉಜ್ಜಪ್ಪ.

"ಆ ಮೂಲೆ ಸ್ವಲ್ಪ ಕ್ಲೀನ್ ಮಾಡಿಬಿಡಪ್ಪ," ಎಂದರು ಮಾಲೀಕರು.

ಉಜ್ಜಪ್ಪ ಉಜ್ಜಿದ. ಈ ಸಲ ಮೈಮರೆತು ಅಲ್ಲ.