ಅಕ್ಕನ ಎಂಟನೆಯ ಅಕ್ಷರ

ಹುಣಸೂರಿನಿಂದ ಬೆಳಿಗ್ಗೆ ಏಳರ ಬಸ್ಸು ಹತ್ತಿದೆ. ಕೆ.ಆರ್. ನಗರಕ್ಕೆ ಟಿಕೆಟ್ ಎಂಟು ರೂಪಾಯಿ, ಪುಷ್ಯಮಾಸದ ಚಳಿ ಪುಕ್ಕಟೆ. ತೊಡೆಯ ಮೇಲಿನ ಚೀಲದಲ್ಲಿ ಬೆಸುಗೆ ಕೋಲು, ತಂತಿ, ಹೊಸ ಪ್ರೋಗ್ರಾಂ ತುಂಬಿದ ಒಂದು ಚಿಪ್ ಇದ್ದವು. ಹೊರಟಿದ್ದು ಭೇರ್ಯಕ್ಕೆ, ಅಕ್ಕನ ಮನೆಗೆ.

ಮಳೆಗಾಲದಲ್ಲಿ ಲಕ್ವ ಹೊಡೆದು ಅಕ್ಕನ ಮಾತು, ಬಲಗೈ ಎರಡೂ ಹೋಗಿದ್ದವು. ಎಡಗೈಯಲ್ಲಿ ಒತ್ತಲೆಂದು ಎಂಟು ಗುಂಡಿಗಳ ಪೆಟ್ಟಿಗೆಯೊಂದನ್ನು ನಾನೇ ಕಟ್ಟಿಕೊಟ್ಟಿದ್ದೆ. ಗುಂಡಿಗೊಂದು ಅಕ್ಷರ, ಒತ್ತಿದರೆ ಪುಟ್ಟ ಪರದೆಯ ಮೇಲೆ ಮೂಡುತ್ತದೆ. ಅದರ ಪರದೆ ನಡೆಸುವ ಚಿಪ್‌ಗೆ ಕನ್ನಡ ಬಾರದು. ನಾವೇ ಚುಕ್ಕಿಯಿಟ್ಟು ಬರೆದ ಎಂಟು ಅಕ್ಷರ ಮಾತ್ರ ಅದರಲ್ಲಿ ಹಿಡಿಸುತ್ತವೆ. ನೀ, ರು, ಊ, ಟ, ಸಾ, ಕು, ಬಾ ಎಂದು ಏಳನ್ನು ನಾನೇ ಆರಿಸಿದ್ದೆ. ನೀರು, ಊಟ, ಸಾಕು, ಬಾ ಇಷ್ಟಿದ್ದರೆ ಸಂಸಾರ ನಡೆಯುತ್ತದೆ ಎಂಬುದು ನನ್ನ ಜಾಣತನ. ಎಂಟನೆಯದು ಖಾಲಿ ಉಳಿದಿತ್ತು. ಈಗ ಪೆಟ್ಟಿಗೆ ಅಕ್ಷರ ನುಂಗುತ್ತಿದೆ ಎಂದು ಭಾವ ಹೇಳಿಕಳಿಸಿದ್ದರು.

ಕೆ.ಆರ್. ನಗರದಲ್ಲಿ ಎರಡು ವಡೆ, ಕಾಫಿ ಮುಗಿಸಿ ಬಸ್ಸು ಬದಲಿಸಿದೆ. ಕಬ್ಬಿನ ಗಾಡಿಗಳ ಹಿಂದೆ ತೆವಳಿ ಭೇರ್ಯ ಸೇರುವಾಗ ಹನ್ನೊಂದು.

‘ನೀರು ಅಂತ ಒತ್ತುದ್ರೆ ರು ಅಂತದೆ, ಊಟ ಅಂದ್ರೆ ಟ ಅಂತದೆ. ಬ್ಯಾಸರಾಗಿ ಗೂಡಲ್ಲಿಟ್ಬುಟ್ಳು ಕಣಪ್ಪ’ ಎಂದರು ಭಾವ. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವಳಿಗಿದ್ದ ಒಂದೇ ದಾರಿಯನ್ನೂ ಮುಚ್ಚಿಬಿಟ್ಟೆನಲ್ಲ ಎಂದು ಸಂಕಟವಾಯಿತು.

ತಪ್ಪು ನನ್ನದೇ. ಗುಂಡಿ ಒತ್ತಿದ್ದನ್ನು ಓದಿ ಅಕ್ಷರ ಕಳಿಸುವ ಪ್ರೊಸೆಸರ್‌ಗೆ ಆತುರ, ಪರದೆಯ ಚಿಪ್ ನಿಧಾನಸ್ಥ. ಹಳೆಯದನ್ನು ಒರೆಸಿ ಮುಗಿಯಿತೇ ಎಂದು ಅದನ್ನು ಕೇಳಿಯೇ ಹೊಸ ಅಕ್ಷರ ಕೊಡಬೇಕು. ನಾನು ಕೇಳುವ ತಂತಿಯನ್ನೇ ಎಳೆಯದೆ, ಇಷ್ಟು ಹೊತ್ತು ಸಾಕೆಂದು ಅಂದಾಜು ಮಾಡಿದ್ದೆ. ಬ್ಯಾಟರಿ ಬಸವಳಿದಂತೆ ಅದು ಇನ್ನೂ ನಿಧಾನವಾಗಿ ಮೊದಲ ಅಕ್ಷರ ಬಿಟ್ಟುಹೋಗುತ್ತಿತ್ತು. ಕರೆಂಟಿರಲಿಲ್ಲ. ಕೋಲನ್ನು ಒಲೆಯ ಕೆಂಡದಲ್ಲಿ ಕಾಯಿಸಿ, ಎರಡರ ನಡುವೆ ಆ ಒಂದು ತಂತಿಯನ್ನು ಬೆಸೆದೆ, ಹಳೆಯ ಪ್ರೊಸೆಸರ್ ಕಿತ್ತು ಹೊಸ ಪ್ರೋಗ್ರಾಂನ ಚಿಪ್ ಕೂರಿಸಿದೆ. ಒತ್ತಿದರೆ ನೀರು ಪೂರ್ತಿ ಬಂತು.

‘ಇನ್ನೊಂದು ಅಕ್ಸರ ಬಾಕಿ ಅದೆ ಕಣಕ್ಕ. ನೀನೇ ಹೇಳು’ ಎಂದೆ. ಅವಳು ಆರಿಸಿದ್ದೊಂದು ಎಂಟನೆಯ ಗುಂಡಿಗೆ ಕೂರಲೆಂದು ಹೊಸ ಚಿಪ್‌ನಲ್ಲಿ ಸ್ವರಗಳನ್ನೆಲ್ಲ ತುಂಬಿಕೊಂಡೇ ಬಂದಿದ್ದೆ. ಒಂದೊಂದಾಗಿ ಓದಿದೆ. ‘ಇ’ ಎಂದಾಗ ಅಕ್ಕ ಈ ಕಡೆ ಹೊರಳಿ ಹೌದೆಂದು ತಲೆಯಾಡಿಸಿದಳು. ಅದನ್ನು ಎಂಟನೆಯ ಗುಂಡಿಗೆ ಕೂರಿಸಿ ಪೆಟ್ಟಿಗೆಯನ್ನು ಅವಳ ಪಕ್ಕದಲ್ಲಿಟ್ಟೆ.

‘ಇಡ್ಲಿ ಕೇಳ್ತಾವ್ಳೆ ಬುಡು’ ಎಂದು ಭಾವ ನಕ್ಕರು.

ಮುದ್ದೆ, ಅವರೆಕಾಳಿನ ಸಾರು ಉಂಡು, ನಾಲ್ಕರ ಬಸ್ಸಿಗೆಂದು ಚಪ್ಪಲಿ ಮೆಟ್ಟಿದೆ. ಹಿಂದಿನಿಂದ ಗುಂಡಿ ಒತ್ತಿದ ಸದ್ದು ಎರಡು ಸಲ ಕೇಳಿಸಿತು. ಅಕ್ಕ ಎದ್ದು ಕೂತು, ಪೆಟ್ಟಿಗೆಯನ್ನು ನನ್ನ ಕಡೆ ತಿರುಗಿಸಿ ಹಿಡಿದಿದ್ದಳು. ಹೊಸ ಅಕ್ಷರದ ಪಕ್ಕ ನೀರಿನ ‘ರು’ ಕೂತಿತ್ತು.

‘ಇರು.’

ನಾನು ಆರಿಸಿಕೊಟ್ಟ ಪದಗಳಲ್ಲಿ ಅದೊಂದು ಇರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಅವಳ ಮಂಚದ ಮೇಲೆ ಕೂತೆ. ಹುಣಸೂರಿಗೆ ಮರಳಿದ್ದು ಮೂರನೆಯ ದಿನ.