ಹೊತ್ತು ಮುಳುಗುವ ಮೊದಲಿನ ಅರ್ಧ ತಾಸು

ಸಂಜೆ ಐದೂವರೆಯಾಯಿತೆಂದರೆ ಭರತೇಶ ಯಾರ ಮಾತಿಗೂ ನಿಲ್ಲುವವನಲ್ಲ. ಹತ್ತರಗಿಯ ಹೆದ್ದಾರಿ ಪಕ್ಕ ಅವನದು ಪಂಪ್‌ಸೆಟ್ ಮೋಟರು ರಿಪೇರಿಯ ಅಂಗಡಿ. ಅಂದೂ ತಾಮ್ರದ ತಂತಿಯನ್ನು ಅಲ್ಲೇ ಬಿಟ್ಟು ಕೈ ತೊಳೆಯಲು ಎದ್ದ. ಬೆಲ್ಲದ ಬಾಗೇವಾಡಿಯಿಂದ ಬಂದಿದ್ದ ಅಪ್ಪಣ್ಣನ ಮೋಟರು ಅರ್ಧ ಬಿಚ್ಚಿಕೊಂಡೇ ಬಿದ್ದಿತ್ತು.

“ಇದೊಂದ ಮುಗಿಸಿ ಹೋಗ್ರಿ, ಡಬಲ್ ರೊಕ್ಕ ಕೊಡ್ತೇನಿ” ಎಂದ ಅಪ್ಪಣ್ಣ. “ಮಹಾರಾಷ್ಟ್ರದಾಗ ಚೊಲೋ ಪಗಾರ ಇತ್ತಂತ. ರೊಕ್ಕ ಬ್ಯಾಡಂತ ಬಿಟ್ಟ ಬಂದ್ರೇನ?”

ಭರತೇಶ ಮೊದಲು ದುಡಿಯುತ್ತಿದ್ದ ಪುಣೆಯ ಕಾರ್ಖಾನೆಯಲ್ಲಿ ಪಗಾರ ಚೆನ್ನಾಗಿಯೇ ಇತ್ತು. ಆದರೆ ಕಾರ್ಖಾನೆಯ ಹತ್ತಿರದ ಮನೆಬಾಡಿಗೆ ಆ ಪಗಾರಕ್ಕೆ ನಿಲುಕುತ್ತಿರಲಿಲ್ಲ. ಊರಾಚೆ ಮನೆ ಹಿಡಿದ. ಕೆಲಸ ಬಿಟ್ಟು ಬಸ್ಸು ಹತ್ತಿದರೆ ಅರ್ಧ ದಾರಿಯಲ್ಲೇ ಕತ್ತಲಾಗುತ್ತಿತ್ತು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಉಣ್ಣುವ ರೂಢಿಯಿಲ್ಲ. ಹಾಗಾಗಿ ಅವನು ಬಸ್ ಸ್ಟಾಪಿನಲ್ಲಿ ನಿಂತುಕೊಂಡೇ ಡಬ್ಬಿ ಖಾಲಿ ಮಾಡುತ್ತಿದ್ದ. ಹೆಂಡತಿ ತೃಪ್ತಿ ಮನೆಯಲ್ಲಿ ಗೋಡೆ ನೋಡುತ್ತ ಉಣ್ಣುತ್ತಿದ್ದಳು. ಮದುವೆಯಾದ ಮೇಲೆ ಅಲ್ಲಿ ಕಳೆದ ಹತ್ತು ವರ್ಷ, ರಜೆಯ ದಿನ ಬಿಟ್ಟರೆ ಇಬ್ಬರೂ ಜೊತೆಗೆ ಕೂತು ಸಂಜೆಯ ಊಟ ಮಾಡಿರಲೇ ಇಲ್ಲ.

ಈಗ ಅಂಗಡಿಯ ಹಿಂದೆಯೇ ಮನೆ. ತೃಪ್ತಿ ರೊಟ್ಟಿ ಬಡಿಯುವ ಸದ್ದು ಇಲ್ಲಿಗೇ ಕೇಳುತ್ತಿತ್ತು.

“ರೊಕ್ಕ ಯಾರಿಗೆ ಬ್ಯಾಡ್ರಿ ಕಾಕಾ?” ಎನ್ನುತ್ತ ಭರತೇಶ ಶಟರ್ ಎಳೆದ. “ಉಂಡ ಬಂದ ಎಷ್ಟೊತ್ತಾದ್ರೂ ಕುಂತ ಮಾಡಿ ಕೊಡ್ತೇನಿ, ಡಬಲ್ ಏನೂ ಬ್ಯಾಡ. ಬರ್ರಿ, ನಿಮಗೂ ಒಂದ ತಾಟ ಇಡಸ್ತೇನಿ. ಹೊತ್ತ ಮುಳುಗೋ ಮೊದಲಿನ ಈ ಅರ್ಧ ತಾಸ ಮಾತ್ರ ಮಾರಾಕ ಇಲ್ಲ. ಪುಣೆದಾಗ ಹತ್ತ ವರ್ಷ ಅದನ್ನ ಮಾರಿ ಬಂದೇನಿ.”