ಅರ್ಧ ಗೆರೆಯಲ್ಲಿ ಪೂರ್ಣ ಕಂಬ

ಅರಸೀಕೆರೆ ಸೀಮೆಯಲ್ಲಿ ಯಂತ್ರದ ಬಿಡಿಭಾಗವೊಂದನ್ನು ಕಾಗದದ ಮೇಲೆ ತಪ್ಪಿಲ್ಲದೆ ಇಳಿಸಬಲ್ಲ ಕೈ ಯಾರದೇ ಇರಲಿ, ಆ ಕೈಯನ್ನು ಒಮ್ಮೆಯಾದರೂ ಹಿಡಿದು ತಿದ್ದಿದವರು ಶ್ರೀ ಲಕ್ಷ್ಮೀಶರು. ಹಗರೆಯ ತಮ್ಮಯ್ಯ ಮತ್ತು ದೇವೀರಮ್ಮನವರ ಈ ಮಗ 1976ರಲ್ಲಿ ನಮ್ಮ ಪಾಲಿಟೆಕ್ನಿಕ್ಕಿಗೆ ಡ್ರಾಯಿಂಗ್ ಮೇಷ್ಟ್ರಾಗಿ ಬಂದರು; ಮೂವತ್ತೆರಡು ವರ್ಷ ದುಡಿದು ಈಗ ನಿವೃತ್ತರಾಗುತ್ತಿದ್ದಾರೆ. ಇಂಥ ಅಭಿನಂದನ ಗ್ರಂಥಗಳಲ್ಲಿ ಗುಣಗಾನ ಮಾಡುವುದು ವಾಡಿಕೆ. ಆದರೆ ಲಕ್ಷ್ಮೀಶರ ಗುಣ ಹೇಳಬೇಕಾದರೆ ಅವರು ಮಾಡಿದ ಒಂದು ತಪ್ಪನ್ನೇ ಹೇಳಬೇಕು. ಅದನ್ನು ಬಿಡದೆ ಬರೆಯಬೇಕೆಂದು ಸ್ವತಃ ಅವರೇ ಪಟ್ಟು ಹಿಡಿದಿದ್ದಾರೆ.

ಶಿಸ್ತಿನಲ್ಲಿ ಅವರು ಉಗ್ರರು, ಅಂತಃಕರಣದಲ್ಲಿ ಬೆಣ್ಣೆ. ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ ಗಂಡಸಿಯ ಶಿವಪ್ರಕಾಶನಿಗೆ ಪರೀಕ್ಷೆ ತಪ್ಪಬಾರದೆಂದು ತಮ್ಮ ಸ್ವಂತ ಡ್ರಾಯಿಂಗ್ ಬೋರ್ಡನ್ನು ಬಸ್ಸಿನ ಮೇಲೆ ಹಾಕಿಸಿ ಕಳಿಸಿದವರು ಅವರು. ಅದೇ ಶಿವಪ್ರಕಾಶ ರಾಟೆಯ ಚಿತ್ರವನ್ನು ಅರ್ಧ ಬರೆದು, 'ಉಳಿದರ್ಧ ಇದೇ ಥರ' ಎಂದು ಪಕ್ಕದಲ್ಲಿ ಗೀಚಿದಾಗ ಅಂಕವನ್ನೂ ಸರಿಯಾಗಿ ಅರ್ಧಕ್ಕೆ ಇಳಿಸಿದವರೂ ಅವರೇ. 'ಅರ್ಧ ಬರೆದವರಿಗೆ ಅರ್ಧ ಅಂಕ' ಎಂಬುದು ಅವರ ತರಗತಿಯ ಶಾಸನವಾಗಿತ್ತು. ಆ ಶಾಸನವೇ ಮುಂದೆ ಅವರ ಕಾಲಿಗೆ ತೊಡರಿಕೊಂಡಿತು.

1998ರಲ್ಲಿ ನಾಲ್ಕು ಕಂಪ್ಯೂಟರುಗಳು ಬಂದವು. ವಸ್ತುವನ್ನು ಮೂರು ಆಯಾಮಗಳಲ್ಲಿ ಪರದೆಯ ಮೇಲೆ ನಿಲ್ಲಿಸುವ ಕ್ಯಾಡ್ ಕೋರ್ಸಿಗೆ ಅಂತಿಮ ವರ್ಷದ ಇಪ್ಪತ್ತು ಮಂದಿ ಸೇರಿಯೂ ಆಗಿತ್ತು. ಆದರೆ ತಿಂಗಳ ಕೊನೆಗೆ ಬರುವ ಪರಿಶೀಲನಾ ಸಮಿತಿಯ ಮುಂದೆ ಪಾಠ ಹೇಳುವ ಮೇಷ್ಟ್ರೇ ಒಂದು ಮಾದರಿ ಮಾಡಿ ತೋರಿಸಬೇಕು. ತೋರಿಸದಿದ್ದರೆ ಕೋರ್ಸಿಗೆ ಮಂಜೂರಾತಿಯಿಲ್ಲ, ಇಪ್ಪತ್ತು ಮಕ್ಕಳ ಒಂದು ವರ್ಷ ಹಾಳು. ಹೊರಗಿನಿಂದ ಯಾರನ್ನಾದರೂ ಕರೆಸೋಣವೇ ಎಂದು ಪ್ರಾಂಶುಪಾಲ ಶಿವಯ್ಯನವರು ಕೇಳಿದರು.

"ಹೊರಗಿನವರು ಯಾಕೆ ಸಾರ್? ನಾನೇ ಕಲೀತೀನಿ," ಎಂದರು ಲಕ್ಷ್ಮೀಶರು. ಆಗ ಅವರಿಗೆ ನಲವತ್ತೆಂಟು.

ಬಾಣಾವರದ ಆಶಾರಾಣಿ ಆ ಇಪ್ಪತ್ತು ಮಂದಿಯಲ್ಲಿ ಒಬ್ಬಳು. ರಜೆಯಲ್ಲಿ ಹಾಸನದ ಕಂಪ್ಯೂಟರ್ ಸೆಂಟರಿನಲ್ಲಿ ಈ ವಿದ್ಯೆಯನ್ನು ಕಲಿತು ಬಂದಿದ್ದಳು. ದಿನಾ ಬೆಳಗಿನ ರೈಲಿಗೆ ಬಂದು ಎಂಟರಿಂದ ಒಂಬತ್ತರವರೆಗೆ ಕಲಿಸಿಕೊಡು ಎಂದು ಮೇಷ್ಟ್ರು ಸಂಕೋಚವಿಲ್ಲದೆ ಕೇಳಿದರು. ಮೊದಮೊದಲು ಮೌಸ್ ಅವರ ಮಾತು ಕೇಳಲಿಲ್ಲ. "ಇಲಿ ಹಿಡಿಯೋಕೆ ಬೆಕ್ಕಿಗೂ ಇಷ್ಟು ಕಷ್ಟ ಇಲ್ಲ ಕಣಮ್ಮ," ಎಂದು ತಮ್ಮನ್ನೇ ಗೇಲಿ ಮಾಡಿಕೊಂಡರು. ವಾರದೊಳಗೆ ಅದು ಪಳಗಿತು.

ಸಮಿತಿಗೆ ತೋರಿಸಲು ಅವರು ಆರಿಸಿಕೊಂಡದ್ದು ಹಳೇಬೀಡಿನ ದೇವಾಲಯದ ನುಣುಪಾದ, ಬಳೆ ಬಳೆಯಾಗಿ ಕಡೆದ ಕಂಬ. ಅದರ ಆಕಾರದ ಗೆರೆ ಬರೆದು, ನಡುವಿನ ಅಕ್ಷವನ್ನು ತೋರಿಸಿ, ರಿವಾಲ್ವ್ ಎಂಬ ಆಜ್ಞೆ ಕೊಟ್ಟರೆ ಆ ಗೆರೆ ಅಕ್ಷದ ಸುತ್ತ ಒಂದು ಸುತ್ತು ತಿರುಗಿ ಕಂಬವಾಗಬೇಕು. ಲಕ್ಷ್ಮೀಶರು ಎಡಬಲ ಎರಡೂ ಕಡೆಯ ಗೆರೆಗಳನ್ನು ಕೂದಲೆಳೆ ತಪ್ಪದಂತೆ ಬರೆದು ಆಜ್ಞೆ ಕೊಟ್ಟರು. ಯಂತ್ರ ಒಪ್ಪಲಿಲ್ಲ. ಮತ್ತೆ ಬರೆದರು, ಮತ್ತೆ ತಿರಸ್ಕಾರ. ಹೀಗೆ ಒಂಬತ್ತು ದಿನ ಕಳೆದವು. ಪಕ್ಕದಲ್ಲಿ ಕುಳಿತ ಆಶಾರಾಣಿ ಉಗುರು ಕಚ್ಚುತ್ತಿದ್ದಳೇ ಹೊರತು ತುಟಿ ಬಿಚ್ಚಲಿಲ್ಲ.

ಅಳತೆಯಲ್ಲೇ ತಪ್ಪಿರಬೇಕೆಂದು ಭಾನುವಾರ ಮೇಷ್ಟ್ರು ಟೇಪು ಹಿಡಿದು ಹಳೇಬೀಡಿಗೆ ಹೋದರು. ಅಳತೆ ಸರಿಯಾಗಿಯೇ ಇತ್ತು. ಜೋಲು ಮೋರೆ ಹಾಕಿಕೊಂಡು ಬಸ್ಸಿಗೆ ಬರುವಾಗ ದಾರಿಬದಿಯಲ್ಲಿ ದ್ಯಾವಯ್ಯ ಎಂಬ ಹಿರಿಯರು ಸಣ್ಣ ಲೇತಿಗೆ ಬಳಪದ ಕಲ್ಲು ಸಿಕ್ಕಿಸಿ ಗರಗರ ತಿರುಗಿಸುತ್ತಾ ಹೂದಾನಿ ಕಡೆಯುತ್ತಿದ್ದರು. ಉಳಿ ಒಂದೇ ಕಡೆ ಇತ್ತು.

"ಆ ಕಡೆಗೂ ಒಂದು ಉಳಿ ಬೇಡ್ವಾ ಯಜಮಾನ್ರೇ?" ಎಂದರು ಲಕ್ಷ್ಮೀಶರು.

ದ್ಯಾವಯ್ಯ ತಲೆಯೆತ್ತಿ ನಕ್ಕರು. "ಆ ಕಡೆಗ್ಯಾಕೆ ಸ್ವಾಮಿ? ಉಳಿ ಇಲ್ಲೇ ಐತೆ. ತಿರುಗ್ತಾ ತಿರುಗ್ತಾ ಕಲ್ಲೇ ಉಳಿ ತಾವ ಬತ್ತದೆ. ಎರಡು ಕಡೆ ಉಳಿ ಹಿಡಿದ್ರೆ ಕಲ್ಲು ಪುಡಿ ಆಯ್ತದೆ ಅಷ್ಟೆ!"

ಮೇಷ್ಟ್ರಿಗೆ ಅಲ್ಲೇ ಕಣ್ಣು ತೆರೆಯಿತು. ಸೋಮವಾರ ಆಶಾರಾಣಿಯನ್ನು ಕೇಳಿದರು: "ಅರ್ಧ ಗೆರೆ ಸಾಕು ಅಂತ ನಿನಗೆ ಗೊತ್ತಿತ್ತಾ?"

"ಮೊದಲ ದಿನವೇ ಗೊತ್ತಿತ್ತು ಸಾರ್."

"ಮತ್ತೆ ಹೇಳೋದಲ್ವೇನಮ್ಮಾ?"

"ಅರ್ಧ ಬರೆದವರಿಗೆ ಅರ್ಧ ಅಂಕ ಅಂತ ನೀವೇ ಅಂದಿದ್ರಲ್ಲ ಸಾರ್..."

ತಮ್ಮ ಕಟ್ಟುನಿಟ್ಟು, ಉತ್ತರ ಗೊತ್ತಿದ್ದ ಮಗುವಿನ ಬಾಯನ್ನೂ ಕಟ್ಟಿಹಾಕಿತ್ತಲ್ಲ ಎಂದು ಲಕ್ಷ್ಮೀಶರಿಗೆ ಬಹಳ ನೋವಾಯಿತು. ನೊಂದು ಸುಮ್ಮನಿರುವ ಪೈಕಿಯಲ್ಲ ಅವರು. ನಾಳೆಯಿಂದ ಎಂಟರಿಂದ ಒಂಬತ್ತರವರೆಗೆ ನೀನು ಮೇಡಂ, ನಾನು ವಿದ್ಯಾರ್ಥಿ; ಹೆಸರು ಹಿಡಿದು ಹಾಜರಿ ಕರೆಯಬೇಕು, ತಪ್ಪಿದರೆ ಗದರಬೇಕು ಎಂದು ಕರಾರು ಹಾಕಿದರು. ಮೊದಲ ದಿನ "ಲಕ್ಷ್ಮೀಶ" ಎನ್ನಲು ಆ ಹುಡುಗಿಗೆ ಐದು ನಿಮಿಷ ಹಿಡಿಯಿತಂತೆ. ಮೇಷ್ಟ್ರು ಎದ್ದು ನಿಂತು "ಪ್ರೆಸೆಂಟ್ ಮೇಡಂ" ಎಂದರು.

ಸಮಿತಿ ಬಂದ ದಿನ ಕೊಠಡಿ ತುಂಬಿತ್ತು. ಲಕ್ಷ್ಮೀಶರು ಬಲಗಡೆಯ ಗೆರೆಯನ್ನು ಲೀಲಾಜಾಲವಾಗಿ ಮುಗಿಸಿದರು. ಇಪ್ಪತ್ತೆರಡು ವರ್ಷದ ಅಭ್ಯಾಸ ಬಿಡಬೇಕಲ್ಲ, ಮೌಸಿನ ಬಾಣದ ಗುರುತು ತಾನಾಗಿ ಎಡಗಡೆಗೆ ಸರಿಯಿತು.

"ಲಕ್ಷ್ಮೀಶ, ಅರ್ಧ ಸಾಕು!"

ಶಿವಯ್ಯನವರ ಮುಖ ಸಪ್ಪಗಾಯಿತು. ಆಶಾರಾಣಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಸರಿ ಮೇಡಂ," ಎಂದು ಲಕ್ಷ್ಮೀಶರು ಕೈ ಹಿಂದಕ್ಕೆ ತೆಗೆದು ಆಜ್ಞೆ ಕೊಟ್ಟರು. ಗೆರೆ ತಿರುಗಿತು, ಹಳೇಬೀಡಿನ ಕಂಬ ಪರದೆಯ ಮೇಲೆ ದುಂಡಗೆ ಎದ್ದು ನಿಂತಿತು. ಈ ಹುಡುಗಿ ಯಾರೆಂದು ಸಮಿತಿಯ ಹಿರಿಯರು ಕೇಳಿದರು. "ಇವರು ನನ್ನ ಗುರುಗಳು. ಬಾಣಾವರದವರು," ಎಂದರು ಮೇಷ್ಟ್ರು. ಮಂಜೂರಾತಿಯ ಪತ್ರಕ್ಕೆ ಅಂದೇ ರುಜು ಬಿತ್ತು.

ಆಮೇಲಿನ ಹತ್ತು ವರ್ಷ ಅವರು ಆ ಪ್ರಯೋಗಾಲಯದಲ್ಲಿ ನೂರಾರು ಮಕ್ಕಳಿಗೆ ಈ ವಿದ್ಯೆ ಕಲಿಸಿದರು, ಪ್ರತಿ ತಂಡದ ಮೊದಲ ಪಾಠಕ್ಕೆ ತಮ್ಮ ಒಂಬತ್ತು ದಿನದ ತಪ್ಪನ್ನೇ ಆರಿಸಿಕೊಂಡರು. ಅರ್ಧ ಅಂಕದ ಶಾಸನ ರದ್ದಾಯಿತು. ಮೇಷ್ಟ್ರು ತಪ್ಪಿದಾಗ ಎದ್ದು ಹೇಳಿದವರಿಗೆ ಒಂದು ಅಂಕ ಹೆಚ್ಚಿಗೆ ಎಂಬ ಹೊಸ ಶಾಸನ ಬಂತು.

ಕಳೆದ ಶನಿವಾರ ಅವರ ಕೊನೆಯ ತರಗತಿ. ಮುಂದೆ ಓದಿ ಇಂದು ಇಲ್ಲಿಯೇ ಕ್ಯಾಡ್ ವಿಭಾಗದ ಮುಖ್ಯಸ್ಥರಾಗಿರುವ ಆಶಾರಾಣಿಯವರು ಹಾಜರಿ ಪುಸ್ತಕ ಹಿಡಿದು ಒಳಬಂದು, ಮಕ್ಕಳ ಹೆಸರೆಲ್ಲ ಮುಗಿದ ಮೇಲೆ, ತಡೆತಡೆದು, ಇನ್ನೊಂದು ಹೆಸರು ಕರೆದರು. ಹಿಂದಿನ ಬೆಂಚಿನಿಂದ ಐವತ್ತೆಂಟರ ವಿದ್ಯಾರ್ಥಿ ಎದ್ದು ನಿಂತರು. ಗುರುಗಳ ಕಣ್ಣೂ ಒದ್ದೆ, ಶಿಷ್ಯರ ಕಣ್ಣೂ ಒದ್ದೆ; ಯಾರು ಗುರು, ಯಾರು ಶಿಷ್ಯ ಎಂದು ಕೇಳುವ ಹಾಗಿರಲಿಲ್ಲ.

ಭಗವಂತ ಅವರಿಗೆ ನೂರು ವರ್ಷ ಕೊಡಲಿ. ಅರ್ಧ ಮಾತ್ರ ಸಾಕಾಗದು. ಸೋಮವಾರ ಎಂಟು ಗಂಟೆಗೆ ಹೊಸ ತಂತ್ರಾಂಶದ ಪಾಠ ಶುರುವಾಗುತ್ತದೆ. ಹಾಜರಿ ಪುಸ್ತಕದಿಂದ ಲಕ್ಷ್ಮೀಶರ ಹೆಸರನ್ನು ಮೇಡಂ ಇನ್ನೂ ಹೊಡೆದುಹಾಕಿಲ್ಲ.